ವಿಮರ್ಶೆಗೆ ಬಂದ ಪೇಪರನ್ನು ನಿಜವಾಗಿ ಓದುವವರು ಯಾರು?

ಮಾನ್ಯ ಸಂಪಾದಕರೇ,

ಸಂಶೋಧನೆಯಲ್ಲಿ ಕೃತಿಚೌರ್ಯದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಯಾರೋ ಕದ್ದು ಬರೆದರು, ಸಾಫ್ಟ್‌ವೇರ್‌ಗೆ ಹಾಕಿದಾಗ ಇಷ್ಟು ಪರ್ಸೆಂಟ್ ಬಂತು, ವಿಶ್ವವಿದ್ಯಾಲಯ ಸಮಿತಿ ಮಾಡಿತು. ಅಲ್ಲಿಗೆ ಸುದ್ದಿ ಮುಗಿಯುತ್ತದೆ. ಬರೆಯುವವರ ಮೇಲೆ ಕಣ್ಣಿಡಲು ಯುಜಿಸಿ 2018ರಲ್ಲೇ ನಿಯಮ ತಂದಿದೆ. ಹೋಲಿಕೆ ಶೇ 10ರವರೆಗೆ ಇದ್ದರೆ ಶಿಕ್ಷೆ ಇಲ್ಲ. ಶೇ 60 ದಾಟಿದರೆ ಪಿಎಚ್.ಡಿ. ನೋಂದಣಿಯೇ ರದ್ದು. ಇದೆಲ್ಲ ಸರಿ. ಆದರೆ ಪೇಪರ್, ಅಂದರೆ ಸಂಶೋಧನಾ ಲೇಖನ, ಪ್ರಕಟವಾಗುವ ಮೊದಲು ಅದನ್ನು ನೋಡಿ ‘ಹಾಕಬಹುದು’ ಅಥವಾ ‘ಬೇಡ’ ಎಂದವರು ಯಾರು? ಅವರು ಓದಿದ್ದು ನಿಜವಾ? ಅವರೇ ಓದಿದರಾ? ಇದನ್ನು ಮಾತ್ರ ಯಾರೂ ಕೇಳುವುದಿಲ್ಲ.

ನಾನು ಜೀವರಸಾಯನ ಶಾಸ್ತ್ರ ಪಾಠ ಮಾಡುವವಳು. ಕೆಲವು ವಿದ್ಯಾರ್ಥಿಗಳು ನನ್ನ ಬಳಿ ಪಿಎಚ್.ಡಿ. ಮಾಡುತ್ತಿದ್ದಾರೆ. ಈ ಲೋಕದ ಹೊರಗಿನ ಓದುಗರಿಗಾಗಿ ಎರಡು ಮಾತು. ಜರ್ನಲ್‌ಗೆ, ಅಂದರೆ ಸಂಶೋಧನಾ ಪತ್ರಿಕೆಗೆ, ಪೇಪರ್ ಕಳಿಸಿದರೆ ಅದರ ಸಂಪಾದಕರು ಅದೇ ವಿಷಯದಲ್ಲಿ ಕೆಲಸ ಮಾಡುವ ಇಬ್ಬರು ಮೂವರಿಗೆ ಕಳಿಸುತ್ತಾರೆ. ಇದಕ್ಕೆ ಪೀರ್ ರಿವ್ಯೂ ಅನ್ನುತ್ತೇವೆ. ರಿವ್ಯೂವರ್ ಯಾರೆಂದು ಬರೆದವರಿಗೆ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಅವರಿಗೆ ಸಂಬಳವೂ ಇಲ್ಲ. ಅದೇ ವಿಷಯದಲ್ಲಿ ಕೆಲಸ ಮಾಡುವವರು ಅಂದರೆ ಎಷ್ಟೋ ಸಲ ನಮ್ಮ ಜತೆ ಪೈಪೋಟಿಯಲ್ಲಿ ಇರುವವರೇ. ನಾವು ವರ್ಷಗಟ್ಟಲೆ ದುಡಿದು ಕಂಡುಕೊಂಡದ್ದನ್ನು, ಇನ್ನೂ ಯಾರೂ ನೋಡದೇ ಇರುವಾಗ, ಮೊದಲು ಅವರ ಕೈಗೇ ಕೊಡುತ್ತೇವೆ. ಅವರು ಬೇರೆ ಯಾರಿಗೂ ತೋರಿಸುವುದಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ.

ಈ ನಂಬಿಕೆ ನಮ್ಮಲ್ಲಿ ದಿನವೂ ಮುರಿಯುತ್ತದೆ. ಎಷ್ಟು ಮಾಮೂಲಿಯಾಗಿ ಅಂದರೆ, ಮುರಿಯುತ್ತಿದೆ ಅಂತ ಯಾರಿಗೂ ಅನ್ನಿಸುವುದೂ ಇಲ್ಲ.

ನಾನು ಪಿಎಚ್.ಡಿ. ಮಾಡುತ್ತಿದ್ದಾಗ ಗೈಡ್‌ಗೆ ಜರ್ನಲ್‌ನಿಂದ ಮೇಲ್ ಬಂದರೆ ಅದು ಹಾಗೇ ನಮಗೆ ಫಾರ್ವರ್ಡ್ ಆಗುತ್ತಿತ್ತು. ಮೇಲೆ ಒಂದೇ ಸಾಲು: ‘ಶುಕ್ರವಾರದೊಳಗೆ ಒಂದು ಪುಟ ಬರೆದುಕೊಡಿ.’ ಪೇಪರಿನ ಪ್ರತಿ ಪುಟದಲ್ಲೂ ‘ಗೋಪ್ಯ’ ಎಂದು ಓರೆಯಾಗಿ ಅಚ್ಚಾಗಿರುತ್ತಿತ್ತು. ಅದನ್ನು ನಾವು ಹಾಸ್ಟೆಲ್ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಓದುತ್ತಿದ್ದೆವು. ಫೈಲ್ ಆ ಅಂಗಡಿಯ ಕಂಪ್ಯೂಟರಿನಲ್ಲೇ ಉಳಿಯುತ್ತಿತ್ತು, ಮದುವೆ ಕಾರ್ಡು, ಪಹಣಿ ಪ್ರತಿಗಳ ನಡುವೆ. ನಾವು ಬರೆದುಕೊಟ್ಟ ಪುಟ ಗೈಡ್ ಹೆಸರಿನಲ್ಲಿ ಹೋಗುತ್ತಿತ್ತು. ಪೇಪರ್ ಪ್ರಕಟವಾಯಿತಾ, ರಿಜೆಕ್ಟ್ ಆಯಿತಾ ಎಂಬುದೂ ನಮಗೆ ತಿಳಿಯುತ್ತಿರಲಿಲ್ಲ. ನಮ್ಮ ಗೈಡ್ ಕೆಟ್ಟವರೇನಲ್ಲ. ಅವರ ಗೈಡ್ ಕೂಡ ಅವರಿಂದ ಹೀಗೇ ಬರೆಸಿಕೊಂಡಿದ್ದರಂತೆ. ‘ಇದರಿಂದ ನೀವು ಕಲಿಯುತ್ತೀರಿ’ ಎನ್ನುತ್ತಿದ್ದರು. ಕಲಿತದ್ದೂ ನಿಜ. ಆದರೆ ಪದವಿ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಮೇಷ್ಟ್ರೊಬ್ಬರು ಮನೆಗೆ ಒಯ್ದು ವಿದ್ಯಾರ್ಥಿಗಳ ಕೈಲಿ ಮೌಲ್ಯಮಾಪನ ಮಾಡಿಸಿ, ಕೆಳಗೆ ತಾವು ಸಹಿ ಹಾಕಿದರೆ ಮರುದಿನ ಅಮಾನತು ಆಗುತ್ತಾರೆ. ಇಲ್ಲಿ ಅದೇ ಕೆಲಸಕ್ಕೆ ತರಬೇತಿ ಅಂತ ಹೆಸರು.

ಇದು ನಮ್ಮಲ್ಲಿ ಮಾತ್ರ ಇರುವ ರೋಗ ಅಂದುಕೊಳ್ಳಬೇಡಿ. ‘ಇಲೈಫ್’ ಎಂಬ ಜರ್ನಲ್‌ನಲ್ಲಿ 2019ರಲ್ಲಿ ಒಂದು ಸಮೀಕ್ಷೆ ಪ್ರಕಟವಾಯಿತು. ಅದಕ್ಕೆ ಉತ್ತರ ಕೊಟ್ಟ ಕಿರಿಯ ಸಂಶೋಧಕರಲ್ಲಿ ಸುಮಾರು ಅರ್ಧದಷ್ಟು ಜನ, ತಮ್ಮ ಹೆಸರಿಲ್ಲದೆ ಮೇಲಿನವರಿಗಾಗಿ ರಿವ್ಯೂ ಬರೆದುಕೊಟ್ಟಿದ್ದೇವೆ ಎಂದಿದ್ದರು.

‘ಬಿಡಿ ಮೇಡಂ, ಇದರಿಂದ ಯಾರಿಗೆ ಏನು ನಷ್ಟ?’ ಎಂದು ಕೇಳುವವರಿಗೆ ಯೇಲ್ ವಿಶ್ವವಿದ್ಯಾಲಯದ ಕಥೆ ಹೇಳುತ್ತೇನೆ. ಹಳೆಯದು, ಆದರೆ ನನ್ನ ವಿದ್ಯಾರ್ಥಿಗಳಿಗೆ ಪ್ರತಿವರ್ಷ ಹೇಳುತ್ತೇನೆ.

1978ರ ನವೆಂಬರ್. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ, ಅಂದರೆ ಎನ್‌ಐಎಚ್‌ನಲ್ಲಿ, ಹೆಲೆನಾ ವಾಕ್ಸ್‌ಲಿಕ್ಟ್ ರಾಡ್‌ಬಾರ್ಡ್ ಎಂಬ ಯುವ ವೈದ್ಯೆ ಸಂಶೋಧನೆ ಮಾಡುತ್ತಿದ್ದರು. ಊಟ ಬಿಟ್ಟು ಸೊರಗಿ ಹೋಗುವ ಅನೊರೆಕ್ಸಿಯಾ ನರ್ವೋಸಾ ಎಂಬ ಕಾಯಿಲೆ ಇದೆಯಲ್ಲ, ಅದು ಬಂದವರ ರಕ್ತಕಣಗಳಿಗೆ ಇನ್ಸುಲಿನ್ ಹೇಗೆ ಅಂಟಿಕೊಳ್ಳುತ್ತದೆ ಎಂಬುದು ಅವರ ವಿಷಯ. ಪೇಪರನ್ನು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ಗೆ ಕಳಿಸಿದರು. ಜರ್ನಲ್ ಅದನ್ನು ರಿವ್ಯೂಗೆ ಕಳಿಸಿದವರಲ್ಲಿ ಯೇಲ್‌ನ ದೊಡ್ಡ ಪ್ರೊಫೆಸರ್ ಫಿಲಿಪ್ ಫೆಲಿಗ್ ಒಬ್ಬರು. ಫೆಲಿಗ್ ಅದನ್ನು ತಮ್ಮ ಕೈಕೆಳಗಿನ ವಿಜಯ್ ಸೋಮನ್ ಅವರಿಗೆ ಕೊಟ್ಟರು. ಸೋಮನ್ ಭಾರತದಿಂದ ಹೋಗಿದ್ದವರು. ಅವರೂ ಅದೇ ಕಾಯಿಲೆಯ ಮೇಲೆ, ಅದೇ ಬಗೆಯ ಕೆಲಸ ಮಾಡುತ್ತಿದ್ದರು. ಆದರೆ ಹಿಂದೆ ಬಿದ್ದಿದ್ದರು.

ಯೇಲ್‌ನಿಂದ ಜರ್ನಲ್‌ಗೆ ಹೋದ ಉತ್ತರ: ಪ್ರಕಟಿಸಬೇಡಿ.

ಸೋಮನ್ ಆ ಪೇಪರಿನ ಒಂದು ಪ್ರತಿ ಇಟ್ಟುಕೊಂಡರು. ಅದರಿಂದ ಸಾಲುಗಳನ್ನು ಎತ್ತಿ ತಮ್ಮ ಪೇಪರ್ ಬರೆದರು. ಜತೆ ಲೇಖಕರಾಗಿ ಫೆಲಿಗ್ ಹೆಸರನ್ನೂ ಹಾಕಿ ‘ಅಮೆರಿಕನ್ ಜರ್ನಲ್ ಆಫ್ ಮೆಡಿಸಿನ್’ಗೆ ಕಳಿಸಿದರು. ಆ ಜರ್ನಲ್ ಅದನ್ನು ರಿವ್ಯೂಗೆ ಕಳಿಸಿದ್ದು ಯಾರಿಗೆ ಗೊತ್ತಾ? ರಾಡ್‌ಬಾರ್ಡ್ ಅವರ ಮೇಲಧಿಕಾರಿ ಜೆಸ್ಸಿ ರಾತ್ ಅವರಿಗೆ. ರಾತ್ ಕೂಡ ತಾವು ಓದುವ ಬದಲು ರಾಡ್‌ಬಾರ್ಡ್ ಕೈಗೆ ಕೊಟ್ಟರು. (ಇಲ್ಲೂ ಪೇಪರ್ ಕೈ ಬದಲಿಸಿತು ನೋಡಿ. ಈ ಸಲ ಒಳ್ಳೆಯದೇ ಆಯಿತು ಅಷ್ಟೇ.) ಓದಲು ಕೂತ ಆಕೆಗೆ ಎದುರಿಗೆ ಕಂಡದ್ದು ತನ್ನದೇ ವಾಕ್ಯಗಳು.

ಮುಂದಿನದು ಇನ್ನೂ ಬೇಸರದ ಭಾಗ. ರಾಡ್‌ಬಾರ್ಡ್ ಜರ್ನಲ್ ಸಂಪಾದಕರಿಗೆ ಬರೆದರು. ಯೇಲ್‌ನ ಡೀನ್‌ಗೆ ಬರೆದರು. ಕದ್ದದ್ದು ಕೆಲವು ಸಾಲು ತಾನೇ, ಅದನ್ನು ತೆಗೆದು ಸರಿಮಾಡಿದರಾಯಿತು ಎಂಬ ಧಾಟಿಯಲ್ಲಿ ಮಾತು ಸಾಗಿತು. ರಾತ್ ಮತ್ತು ಫೆಲಿಗ್ ಹಳೆಯ ಸ್ನೇಹಿತರು ಬೇರೆ. ರಾಡ್‌ಬಾರ್ಡ್ ಪೇಪರ್ 1979ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಸೋಮನ್ ಪೇಪರ್ ಕೂಡ 1980ರ ಜನವರಿಯಲ್ಲಿ ಪ್ರಕಟವಾಗಿಯೇಬಿಟ್ಟಿತು! ಹೊರಗಿನವರಿಂದ ಲೆಕ್ಕ ಪರಿಶೀಲನೆ ಆಗಲಿ ಎಂದು ಆಕೆ ಪಟ್ಟು ಹಿಡಿದಿದ್ದರಿಂದ ಕೊನೆಗೆ ಹಾರ್ವರ್ಡ್‌ನ ಜೆಫ್ರಿ ಫ್ಲಯರ್ ಬಂದು ದಾಖಲೆಗಳನ್ನು ಕೇಳಿದರು. ಆಗ ಗೊತ್ತಾಯಿತು, ಕದ್ದದ್ದು ಬರೀ ಸಾಲುಗಳಲ್ಲ, ಅಂಕಿ ಅಂಶಗಳನ್ನೂ ತಿದ್ದಲಾಗಿತ್ತು. ಸೋಮನ್ ರಾಜೀನಾಮೆ ಕೊಟ್ಟರು. ಪ್ರಕಟವಾಗಿದ್ದ ಹತ್ತಕ್ಕೂ ಹೆಚ್ಚು ಪೇಪರುಗಳನ್ನು, ಇವನ್ನು ನಂಬಬೇಡಿ ಎಂದು ಸಾರಿ, ವಾಪಸ್ ಪಡೆಯಬೇಕಾಯಿತು. ಫೆಲಿಗ್ ಆಗಷ್ಟೇ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ದೊಡ್ಡ ಹುದ್ದೆಗೆ ಸೇರಿದ್ದರು. ಅದನ್ನು ಬಿಡಬೇಕಾಯಿತು. ರಾಡ್‌ಬಾರ್ಡ್ ಅಷ್ಟರಲ್ಲಿ ಸಂಶೋಧನೆಯನ್ನೇ ಬಿಟ್ಟು ರೋಗಿಗಳನ್ನು ನೋಡುವ ಕೆಲಸಕ್ಕೆ ಹೋಗಿದ್ದರು. ಮುಂದೆ ಅವರು ಅಮೆರಿಕದ ಅಂತಃಸ್ರಾವಶಾಸ್ತ್ರ ತಜ್ಞರ ಸಂಘಕ್ಕೇ ಅಧ್ಯಕ್ಷೆಯಾದರು, ಆ ಮಾತು ಬೇರೆ.

ಕದ್ದದ್ದು ಸೋಮನ್. ಫೆಲಿಗ್ ಒಂದು ಸಾಲನ್ನೂ ಕದಿಯಲಿಲ್ಲ. ಅವರು ಮಾಡಿದ್ದು ನಮ್ಮ ಗೈಡ್‌ಗಳು ಮಾಡುವುದನ್ನೇ: ಪೇಪರನ್ನು ಪಕ್ಕದವರಿಗೆ ದಾಟಿಸಿದರು. ತಮ್ಮ ಲ್ಯಾಬಿನಲ್ಲೇ ಆ ಕೆಲಸ ನಡೆಯುತ್ತಿರುವಾಗ ‘ಇದು ನನ್ನ ಕೈಯಲ್ಲಿ ಬೇಡ’ ಎಂದು ಬಂದ ದಾರಿಯಲ್ಲೇ ವಾಪಸ್ ಕಳಿಸಬೇಕಿತ್ತು. ನನ್ನ ಪ್ರಕಾರ ಈ ಕಥೆಯ ಮೊದಲ ತಪ್ಪು ಸೋಮನ್ ಅವರದ್ದಲ್ಲ.

ಇವೆಲ್ಲ ಹಳೇ ಕಾಲದ್ದು ಅನ್ನುವಂತಿಲ್ಲ. ಬಾಸ್ಟನ್‌ನ ವೈದ್ಯ ಮೈಕೆಲ್ ಡಾನ್ಸಿಂಜರ್ ಅವರ ಪೇಪರನ್ನು ಒಂದು ಜರ್ನಲ್ ತಿರಸ್ಕರಿಸಿತು. ಅದನ್ನು ರಿವ್ಯೂ ಮಾಡಿದವರೇ ಪೂರ್ತಿ ಎತ್ತಿಕೊಂಡು, ರೋಗಿಗಳು ಬೇರೆ ದೇಶದವರು ಎಂದು ಸುಳ್ಳು ಸೇರಿಸಿ, ಇನ್ನೊಂದು ಜರ್ನಲ್‌ನಲ್ಲಿ ಹಾಕಿಸಿಕೊಂಡಿದ್ದರು. 2016ರಲ್ಲಿ ಡಾನ್ಸಿಂಜರ್ ಆ ಕಳ್ಳನಿಗೇ ಒಂದು ಬಹಿರಂಗ ಪತ್ರ ಬರೆದರು. ತಿರಸ್ಕರಿಸಿದ ಜರ್ನಲ್ಲೇ ಅದನ್ನು ಪ್ರಕಟಿಸಿತು. ಕಳ್ಳನ ಹೆಸರನ್ನು ಅವರು ಆ ಪತ್ರದಲ್ಲಿ ಬರೆಯಲಿಲ್ಲ. ಅಷ್ಟು ಸಂಯಮ ನನಗಂತೂ ಬರುತ್ತಿರಲಿಲ್ಲ.

ಒಳ್ಳೆಯ ರಿವ್ಯೂವರ್ ಹೇಗಿರಬೇಕು? ಇದಕ್ಕೂ ಒಂದು ಕಥೆ ಇದೆ, ಐನ್‌ಸ್ಟೈನ್‌ದು. 1936ರಲ್ಲಿ ಅವರು, ನೇಥನ್ ರೋಸನ್ ಜತೆ ಸೇರಿ, ಗುರುತ್ವದ ಅಲೆಗಳು ಇಲ್ಲವೇ ಇಲ್ಲ ಎಂದು ವಾದಿಸುವ ಪೇಪರ್ ಒಂದನ್ನು ‘ಫಿಸಿಕಲ್ ರಿವ್ಯೂ’ಗೆ ಕಳಿಸಿದರು. ಸಂಪಾದಕ ಜಾನ್ ಟೇಟ್ ಅದನ್ನು ರಿವ್ಯೂಗೆ ಕಳಿಸಿ, ಬಂದ ಟೀಕೆಗಳನ್ನು ಐನ್‌ಸ್ಟೈನ್‌ಗೆ ರವಾನಿಸಿದರು. ಐನ್‌ಸ್ಟೈನ್‌ಗೆ ಸಿಟ್ಟು ಬಂತು. ಅಚ್ಚು ಹಾಕಲು ಕಳಿಸಿದ್ದು, ನನ್ನನ್ನು ಕೇಳದೆ ಇನ್ನೊಬ್ಬರಿಗೆ ತೋರಿಸಿದ್ದು ಯಾಕೆ ಎಂದು ಬರೆದು ಪೇಪರ್ ವಾಪಸ್ ತೆಗೆದುಕೊಂಡರು. ಆದರೆ ಪೇಪರಿನಲ್ಲಿ ತಪ್ಪಿತ್ತು! ರಿವ್ಯೂ ಮಾಡಿದ್ದ ಹೊವಾರ್ಡ್ ಪರ್ಸಿ ರಾಬರ್ಟ್‌ಸನ್ ಹತ್ತು ಪುಟ ಬರೆದು ಅದನ್ನು ತೋರಿಸಿದ್ದರು. ರಾಬರ್ಟ್‌ಸನ್ ಪ್ರಿನ್ಸ್‌ಟನ್‌ನವರೇ, ಐನ್‌ಸ್ಟೈನ್ ಇದ್ದ ಊರಿನವರೇ. ಆಮೇಲೆ ಐನ್‌ಸ್ಟೈನ್ ಅವರ ಸಹಾಯಕ ಇನ್‌ಫೆಲ್ಡ್ ಜತೆ ಮಾತಾಡುತ್ತಾ, ತಾನೇ ರಿವ್ಯೂವರ್ ಎಂದು ಬಾಯಿ ಬಿಡದೆ, ತಪ್ಪು ಎಲ್ಲಿದೆ ಎಂದು ವಿವರಿಸಿದರು. ಪೇಪರ್ 1937ರಲ್ಲಿ ಬೇರೆ ಜರ್ನಲ್‌ನಲ್ಲಿ, ತೀರ್ಮಾನವೇ ಬದಲಾಗಿ, ಪ್ರಕಟವಾಯಿತು. ರಿವ್ಯೂವರ್ ರಾಬರ್ಟ್‌ಸನ್ ಎಂಬುದು ಜರ್ನಲ್‌ನ ಹಳೆಯ ದಾಖಲೆಗಳಿಂದ 2005ರಲ್ಲಿ ಖಚಿತವಾಗಿ ಹೊರಬಂತು. ಅಷ್ಟು ವರ್ಷ!

ನನಗೂ ಅಂಥ ಒಬ್ಬ ರಿವ್ಯೂವರ್ ಸಿಕ್ಕಿದ್ದರು. ರಾಗಿ ಸಿಪ್ಪೆಯಲ್ಲಿರುವ ಪಾಲಿಫಿನಾಲ್ ಎಂಬ ರಾಸಾಯನಿಕಗಳ ಬಗ್ಗೆ ನಾವು ಪೇಪರ್ ಕಳಿಸಿದ್ದೆವು. ಅವರು ಕೇಳಿದ ಪ್ರಶ್ನೆಗಳು ಹೀಗಿದ್ದವು. ತಳಿ ಜಿಪಿಯು-28 ಅಂತೀರಿ, ಮುಂಗಾರಿನ ಬೆಳೆಯೋ ಬೇಸಿಗೆಯದೋ? ಕೊಯ್ಲಾದ ಮೇಲೆ ಎಷ್ಟು ಕಾಲ, ಯಾವುದರಲ್ಲಿ ಇಟ್ಟಿದ್ದಿರಿ? ಮೊಳಕೆ ಬರಿಸಿದ ನೀರನ್ನು ಎಷ್ಟು ಸಲ ಬದಲಿಸಿದಿರಿ? ಓದುತ್ತಾ ನಮಗೆ ಬೆವರು ಬಂತು, ಖುಷಿಯೂ ಆಯಿತು. ಯಾರೋ ನಮ್ಮ ಲ್ಯಾಬಿನ ಬೆಂಚಿನ ಪಕ್ಕ ನಿಂತು ನೋಡಿದ ಹಾಗೆ ಇತ್ತು. ಆ ಮನುಷ್ಯ ಯಾರು, ಯಾವ ದೇಶದವರು ಇವತ್ತಿಗೂ ಗೊತ್ತಿಲ್ಲ.

ಅದೇ ಪೇಪರಿನ ಎರಡನೇ ರಿವ್ಯೂವರ್ ಬರೆದದ್ದು ಎರಡೇ ವಿಷಯ. ಇಂಗ್ಲಿಷ್ ಸುಧಾರಿಸಬೇಕು. ಈ ಕೆಳಗಿನ ಪೇಪರುಗಳನ್ನು ಉಲ್ಲೇಖಿಸಬೇಕು. ಕೆಳಗೆ ಒಂದು ಪಟ್ಟಿ. ಎಲ್ಲದರಲ್ಲೂ ಒಂದೇ ಹೆಸರು, ಒಂದರಲ್ಲೂ ರಾಗಿ ಇಲ್ಲ! ಉಲ್ಲೇಖ ಜಾಸ್ತಿಯಾದಷ್ಟೂ ಅವರ ರ‍್ಯಾಂಕ್ ಏರುತ್ತದೆ. ಪೇಪರ್ ಪ್ರಕಟವಾಗಲಿ ಎಂಬ ಆಸೆಯಲ್ಲಿ ನಾವೂ ಸೇರಿಸಿಬಿಡುತ್ತೇವೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ನಾನು ಸೇರಿಸಲಿಲ್ಲ. ಯಾಕೆ ಸೇರಿಸಲಿಲ್ಲ ಎಂದು ಸಂಪಾದಕರಿಗೆ ಬರೆದೆ. ಪೇಪರ್ ಪ್ರಕಟವಾಯಿತು. ವಿದ್ಯಾರ್ಥಿಗಳೇ, ಬರೆದು ನೋಡಿ. ಸಂಪಾದಕರು ಅಷ್ಟೇನೂ ಕಲ್ಲುಮನಸ್ಸಿನವರಲ್ಲ.

ಈಗ ಪೇಪರ್ ದಾಟಿಸಲು ಹೊಸ ಕೈ ಒಂದು ಬಂದಿದೆ. ಗೈಡ್ ವಿದ್ಯಾರ್ಥಿಗೆ ಕೊಡುತ್ತಾರೆ, ವಿದ್ಯಾರ್ಥಿ ಚಾಟ್‌ಜಿಪಿಟಿಗೆ ಹಾಕುತ್ತಾನೆ. ಅರ್ಧ ನಿಮಿಷದಲ್ಲಿ ಚೆಂದದ ಇಂಗ್ಲಿಷಿನಲ್ಲಿ ರಿವ್ಯೂ ತಯಾರು. ಆ ಗೋಪ್ಯ ಪೇಪರ್ ಯಾವ ಕಂಪನಿಯ ಸರ್ವರ್‌ಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಇತ್ತೀಚೆಗೆ ನಮಗೆ ಬಂದ ಒಂದು ರಿವ್ಯೂ ತುಂಬ ನಯವಾಗಿತ್ತು. ಪ್ರಯೋಗವನ್ನು ಎಷ್ಟು ಸಲ ಮಾಡಿದಿರಿ ಎಂದು ತಿಳಿಸಿ ಅಂತ ಕೇಳಿತ್ತು. ಅದು ನಾಲ್ಕನೇ ಪುಟದಲ್ಲೇ ಇತ್ತು, ಪ್ರತಿ ಚಿತ್ರದ ಕೆಳಗೂ ಇತ್ತು. ಯಂತ್ರ ಬರೆದದ್ದೋ ಮನುಷ್ಯ ಬರೆದದ್ದೋ ನಾನು ಹೇಳಲಾರೆ. ಓದಿಲ್ಲ ಅನ್ನುವುದು ಮಾತ್ರ ಖಚಿತ.

ಸಂಶೋಧನಾ ಅನುದಾನದ ಅರ್ಜಿಗಳನ್ನು ರಿವ್ಯೂ ಮಾಡುವವರು ಇಂಥ ಎಐ ಬಳಸಕೂಡದು ಎಂದು ಅಮೆರಿಕದ ಎನ್‌ಐಎಚ್ 2023ರಲ್ಲೇ ಆದೇಶ ಮಾಡಿತು. ಕಾರಣ ಇದೇ, ಗೋಪ್ಯತೆ. ಬರೆಯುವವರೂ ಸುಮ್ನೆ ಕೂತಿಲ್ಲ. 2025ರ ಜುಲೈನಲ್ಲಿ ಜಪಾನಿನ ನಿಕ್ಕೆ ಪತ್ರಿಕೆ ಒಂದು ಸುದ್ದಿ ಮಾಡಿತು. ಎಂಟು ದೇಶಗಳ 14 ಸಂಸ್ಥೆಗಳಿಂದ ಬಂದ 17 ಪೇಪರುಗಳಲ್ಲಿ, ಕಣ್ಣಿಗೆ ಕಾಣದ ಹಾಗೆ ಬಿಳಿ ಅಕ್ಷರದಲ್ಲಿ ಅಥವಾ ತೀರಾ ಸಣ್ಣ ಅಕ್ಷರದಲ್ಲಿ, ‘ಒಳ್ಳೆಯ ರಿವ್ಯೂ ಮಾತ್ರ ಕೊಡು’ ಎಂದು ಯಂತ್ರಕ್ಕೆ ಸೂಚನೆ ಬರೆದಿಟ್ಟಿದ್ದರಂತೆ. ಮನುಷ್ಯ ಓದುವುದಿಲ್ಲ ಅಂತ ಗಟ್ಟಿಯಾಗಿ ನಂಬಿದವರು ಮಾತ್ರ ಮಾಡಬಹುದಾದ ಕೆಲಸ, ಅಲ್ವಾ?

ಇನ್ನು ಪೂರ್ತಿ ನಕಲಿ ರಿವ್ಯೂಗಳ ಕಥೆ ಬೇರೆಯೇ ಇದೆ. ದಕ್ಷಿಣ ಕೊರಿಯಾದ ಸಂಶೋಧಕನೊಬ್ಬ ನಕಲಿ ಇಮೇಲ್ ವಿಳಾಸಗಳನ್ನು ಮಾಡಿಕೊಂಡು ತನ್ನ ಪೇಪರುಗಳನ್ನು ತಾನೇ ರಿವ್ಯೂ ಮಾಡುತ್ತಿದ್ದ. 2012ರಲ್ಲಿ ಬಯಲಾಯಿತು. ಸಿಕ್ಕಿಬಿದ್ದದ್ದು ಹೇಗೆ ಅಂದರೆ, ರಿವ್ಯೂಗಳು ಒಂದೇ ದಿನದೊಳಗೆ ವಾಪಸ್ ಬರುತ್ತಿದ್ದವು. ತಿಂಗಳುಗಟ್ಟಲೆ ಕಾದು ಗೊತ್ತಿರುವ ಯಾರಿಗಾದರೂ ಅನುಮಾನ ಬರಲೇಬೇಕು. ಹಿಂದಾವಿ ಎಂಬ ಪ್ರಕಾಶನದ ಜರ್ನಲ್‌ಗಳು 2023 ಒಂದೇ ವರ್ಷ 8,000ಕ್ಕೂ ಹೆಚ್ಚು ಪೇಪರುಗಳನ್ನು ವಾಪಸ್ ಪಡೆದವು. ಅಲ್ಲೂ ರಿವ್ಯೂ ವ್ಯವಸ್ಥೆಯನ್ನೇ ಬುಡಮೇಲು ಮಾಡಿದ್ದರು.

ರಿವ್ಯೂವರ್‌ಗಳ ಪರವಾಗಿಯೂ ಹೇಳಬೇಕು. ಜಗತ್ತಿನ ಸಂಶೋಧಕರು 2020ರಲ್ಲಿ ರಿವ್ಯೂಗಾಗಿ ಕಳೆದ ಸಮಯ 10 ಕೋಟಿ ಗಂಟೆಗೂ ಜಾಸ್ತಿ ಎಂದು ಒಂದು ಅಂದಾಜು ಇದೆ. ಹೆಚ್ಚುಕಡಿಮೆ ಎಲ್ಲವೂ ಬಿಟ್ಟಿ. ಇತ್ತ ‘ಒಂದು ದೇಶ ಒಂದು ಚಂದಾ’ ಯೋಜನೆಯಲ್ಲಿ ನಮ್ಮ ಸರ್ಕಾರ ಜರ್ನಲ್ ಓದುವುದಕ್ಕೇ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದೆ. ಬರೆಯುವವರು ನಾವು, ತಿದ್ದುವವರು ನಾವು, ದುಡ್ಡು ಕೊಟ್ಟು ಓದುವವರೂ ನಾವೇ. ಅದರ ಮೇಲೆ ನಮ್ಮ ಅಧ್ಯಾಪಕರಿಗೆ ದಾಖಲಾತಿ, ಮೌಲ್ಯಮಾಪನ, ನ್ಯಾಕ್ ಫೈಲು. ಯುಜಿಸಿಯ 2018ರ ಅಂಕಪಟ್ಟಿಯಲ್ಲಿ ವಿಜ್ಞಾನದವರಿಗೆ ಒಂದು ಪೇಪರ್ ಬರೆದರೆ 8 ಅಂಕ. ಹತ್ತು ಪೇಪರ್ ಓದಿ ತಿದ್ದಿದರೆ ಏನೂ ಇಲ್ಲ. ಸಿಟ್ಟು ಬರುವುದು ಸಹಜ.

ಆದರೆ ಬಿಡುವಿಲ್ಲದಿದ್ದರೆ ಆಗುವುದಿಲ್ಲ ಅನ್ನಬಹುದಲ್ಲ. ಜರ್ನಲ್‌ನ ಮೇಲ್‌ನಲ್ಲಿ ಒಪ್ಪಿದೆ, ಒಪ್ಪುವುದಿಲ್ಲ ಅಂತ ಎರಡು ಲಿಂಕ್ ಇರುತ್ತವೆ. ಎರಡನೆಯದನ್ನು ಅವತ್ತೇ ಒತ್ತಿದರೆ ಯಾರಿಗೂ ತೊಂದರೆ ಇಲ್ಲ. ಒಪ್ಪಿಕೊಂಡು ಪೇಪರ್ ಮೇಲೆ ಕೂರುವುದೇ ಅನ್ಯಾಯ. ನನ್ನ ವಿದ್ಯಾರ್ಥಿನಿ ಒಬ್ಬಳ ಪೇಪರ್ ಹೀಗೇ ಒಬ್ಬರ ಹತ್ತಿರ ಕೂತಿತು. ಅಷ್ಟರಲ್ಲಿ ಅವಳ ಫೆಲೋಶಿಪ್ ಮುಗಿಯಿತು. ಥೀಸಿಸ್ ಕೊಡುವ ಹೊತ್ತಿಗೆ ಕೈಯಲ್ಲಿ ಪೇಪರ್ ಇಲ್ಲ. ಈಗ ಒಂದು ಖಾಸಗಿ ಕಾಲೇಜಿನಲ್ಲಿ ಗಂಟೆ ಲೆಕ್ಕದಲ್ಲಿ ಪಾಠ ಮಾಡುತ್ತಿದ್ದಾಳೆ.

ಹಾಗಂತ ರಿವ್ಯೂಗೂ ಅಂಕ ಕೊಡಿ ಅಂತ ನಾನು ಕೇಳುವುದಿಲ್ಲ. ಕೊಟ್ಟರೆ ಅದೂ ಅಂಗಡಿಯಾಗುತ್ತದೆ. ಈಗಲೇ ರಿವ್ಯೂವರ್ ಸರ್ಟಿಫಿಕೇಟುಗಳನ್ನು ಸಾಲಾಗಿ ಫೈಲ್ ಮಾಡಿಟ್ಟವರನ್ನು ನೋಡಿದ್ದೇನೆ. ನಾನು ಕೇಳುವುದು ಇಷ್ಟು.

ವಿದ್ಯಾರ್ಥಿಯಿಂದ ರಿವ್ಯೂ ಮಾಡಿಸುವುದಾದರೆ ಮೊದಲು ಜರ್ನಲ್ ಸಂಪಾದಕರನ್ನು ಕೇಳಿ, ಆಮೇಲೆ ವಿದ್ಯಾರ್ಥಿಯ ಹೆಸರನ್ನೂ ಬರೆಯಿರಿ. ಇದು ನನ್ನ ಕಲ್ಪನೆಯಲ್ಲ. ಕೋಪ್ ಎಂದು ಕರೆಯುವ ಅಂತಾರಾಷ್ಟ್ರೀಯ ಪ್ರಕಟಣಾ ನೀತಿ ಸಮಿತಿ ಇದನ್ನೇ ಹೇಳುತ್ತದೆ. ರಿವ್ಯೂ ಸಲ್ಲಿಸುವಾಗ ಸಂಪಾದಕರಿಗೆ ಮಾತ್ರ ಕಾಣುವ ಒಂದು ಖಾಲಿ ಜಾಗ ಇರುತ್ತದೆ. ಅಲ್ಲಿ ಒಂದು ಸಾಲು ಸಾಕು. ನಾನು ಹಾಗೇ ಮಾಡುತ್ತೇನೆ. ಯಾವ ಸಂಪಾದಕರೂ ಬೇಡ ಅಂದಿಲ್ಲ.

ಎರಡನೆಯದು, ಪಿಎಚ್.ಡಿ. ಕೋರ್ಸ್‌ವರ್ಕ್‌ನಲ್ಲಿ ಸಂಶೋಧನೆ ಮತ್ತು ಪ್ರಕಟಣಾ ನೀತಿ ಎಂಬ ಎರಡು ಕ್ರೆಡಿಟ್‌ನ ಪಾಠವನ್ನು ಯುಜಿಸಿ ಕಡ್ಡಾಯ ಮಾಡಿದೆ. ಒಟ್ಟು 30 ಗಂಟೆ. ಅದರ ಘಟಕಗಳಲ್ಲಿ ರಿವ್ಯೂ ಮಾಡುವುದನ್ನು ಕಲಿಸುವುದಕ್ಕೇ ಅಂತ ಒಂದು ಘಟಕ ಇಲ್ಲ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು ಅದರಲ್ಲೇ ಮೂರು ಗಂಟೆ ಬಿಡಿಸಿಕೊಳ್ಳಬಹುದು. ಇನ್ನೂ ರಿವ್ಯೂ ಆಗದ, ಆದರೆ ಯಾರು ಬೇಕಾದರೂ ಓದಬಹುದಾದ ಪ್ರಿಪ್ರಿಂಟ್‌ಗಳು ಇಂಟರ್‌ನೆಟ್‌ನಲ್ಲಿ ಬೇಕಾದಷ್ಟಿವೆ. ಒಂದೊಂದನ್ನು ಕೊಟ್ಟು ವರದಿ ಬರೆಸಲಿ. ಗೋಪ್ಯತೆಯೂ ಕೆಡುವುದಿಲ್ಲ, ಕಲಿಕೆಯೂ ಆಗುತ್ತದೆ. ‘ಕಲಿಯಲಿ ಅಂತ ಕೊಟ್ಟೆ’ ಎಂಬ ಗೈಡ್‌ಗಳ ನೆಪವೂ ಹೋಗುತ್ತದೆ.

ಕೊನೆಯದು ದೂರಿನ ವಿಷಯ. 2018ರ ನಿಯಮದ ಪ್ರಕಾರ ಪ್ರತಿ ವಿಭಾಗದಲ್ಲೂ, ಪ್ರತಿ ಸಂಸ್ಥೆಯಲ್ಲೂ ಕೃತಿಚೌರ್ಯ ವಿಚಾರಿಸುವ ಸಮಿತಿ ಇರಬೇಕು. ಅದರ ಕೆಲಸಕ್ಕೆ ರಿವ್ಯೂವನ್ನೂ ಸೇರಿಸಲಿ. ಗೋಪ್ಯ ಪೇಪರನ್ನು ದಾಟಿಸುವುದು, ಹೆಸರಿಲ್ಲದೆ ಬರೆಸಿಕೊಳ್ಳುವುದು, ಬಂದ ಪೇಪರಿನಿಂದ ಎತ್ತಿಕೊಳ್ಳುವುದು, ಎಲ್ಲದಕ್ಕೂ. ಇವತ್ತು ‘ನನ್ನಿಂದ ಹೀಗೆ ಬರೆಸಿಕೊಳ್ಳುತ್ತಿದ್ದಾರೆ’ ಎಂದು ಹೇಳಬೇಕಾದ ಹುಡುಗ ಹೋಗಬೇಕಾದದ್ದು ಗೈಡ್ ಬಳಿಗೇ. ದೂರು ಕೊಟ್ಟವರ ಗೈಡ್ ಆ ಸಮಿತಿಯಲ್ಲಿ ಕೂರಬಾರದು ಎಂದೂ ನಿಯಮದಲ್ಲಿ ಬರೆಯಲಿ. ನಮ್ಮ ವಿಭಾಗಗಳು ಎಷ್ಟು ಚಿಕ್ಕವು ಎಂದು ಗೊತ್ತಿರುವವರಿಗೆ ಇದನ್ನು ಯಾಕೆ ಬಿಡಿಸಿ ಹೇಳಬೇಕು ಅನ್ನುವುದು ಅರ್ಥವಾಗುತ್ತದೆ.

ಇತಿ,
ಜೀವರಸಾಯನ ಶಾಸ್ತ್ರ ಅಧ್ಯಾಪಕಿ,
ದಾವಣಗೆರೆ